ನೀರಗಂಟಿ ಆವುಲಪ್ಪನ ಪಾಲು

ಆವುಲಪ್ಪ ಕುಡಿತ ಬಿಟ್ಟದ್ದು ತಾನಾಗಿಯೋ, ಸರ್ಕಾರ ಬಿಡಿಸಿದ್ದರಿಂದಲೋ ಎಂದು ನಮ್ಮೂರಿನಲ್ಲಿ ವರ್ಷಗಟ್ಟಲೆ ಮಾತು ನಡೆಯಿತು. ರಾಗಿ ಕಣ ಮುಗಿದ ಮೇಲೆ ನಮ್ಮವರಿಗೆ ಇಂಥ ವಿಚಾರಗಳಿಗೆ ಬೇಕಾದಷ್ಟು ಪುರುಸೊತ್ತು. ಕಟ್ಟೆಯ ಮೇಲೆ ಕೂತು ಒಬ್ಬ ‘ತಾನಾಗಿ’ ಎನ್ನುತ್ತಿದ್ದ, ಇನ್ನೊಬ್ಬ ‘ಸರ್ಕಾರ’ ಎನ್ನುತ್ತಿದ್ದ. ಕೇಳಿ ಕೇಳಿ ನನಗೆ ರೇಗುತ್ತಿತ್ತು. ಆದರೆ ಉತ್ತರ ನನಗೂ ಗೊತ್ತಿರಲಿಲ್ಲ. ಆವುಲಪ್ಪನಿಗೇ ಗೊತ್ತಿರಲಿಲ್ಲ ಎಂಬುದು ತಿಳಿದದ್ದು ಆಮೇಲೆ.

ನಮ್ಮೂರು ಹೊಸೂರಿನಿಂದ ತಳಿಗೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಒಳಕ್ಕೆ. ಹೊಲದ ತುಂಬ ರಾಗಿ, ಕೆರೆಯ ಕೆಳಗೆ ಒಂದಿಷ್ಟು ಭತ್ತ. ಆ ಭತ್ತಕ್ಕೆ ನೀರು ಹಂಚುವ ನೀರಗಂಟಿ ಆವುಲಪ್ಪ. ಅವನ ಅಪ್ಪನೂ ಅಜ್ಜನೂ ಅದನ್ನೇ ಮಾಡಿದವರು. ಯಾರ ಗದ್ದೆಗೆ ಯಾವಾಗ ನೀರು, ಎಲ್ಲಿ ಮಣ್ಣು ಹಾಕಿ ತಡೆಯಬೇಕು, ಎಲ್ಲಿ ಒಡೆಯಬೇಕು ಎಂಬುದೆಲ್ಲ ಅವನ ಸನಿಕೆಗೆ ಬಿಟ್ಟದ್ದು. ಅದಕ್ಕಾಗಿ ತೂಬಿನ ಬಾಯಿಯ ಪಕ್ಕದಲ್ಲೇ ಅವನಿಗೊಂದು ಮಾನ್ಯದ ಗದ್ದೆ, ಸುಗ್ಗಿಯಲ್ಲಿ ಮನೆಮನೆಯಿಂದ ಒಂದು ಹೊರೆ ಭತ್ತದ ಹುಲ್ಲು, ತೆನೆ ಸಮೇತ.

ನಮ್ಮ ಕೆರೆಯಲ್ಲಿ ಒಂದು ಕಟ್ಟಳೆಯಿತ್ತು. ಎಲ್ಲಕ್ಕಿಂತ ಕೆಳಗಿನ ಗದ್ದೆಗೆ ಮೊದಲ ನೀರು. ಏರಿಯ ಹತ್ತಿರ ಬಂದಂತೆ ಸರದಿ ಹಿಂದಕ್ಕೆ. ಮೇಲಿನವರು ಮೊದಲು ಹೀರಿದರೆ ಕೆಳಗಿನವರಿಗೆ ಕೆಸರೂ ಸಿಕ್ಕುವುದಿಲ್ಲ ಎಂದು ಯಾವ ಹಿರಿಯನೋ ಮಾಡಿದ ಏರ್ಪಾಡು. ಹಾಗಾಗಿ ತೂಬಿನ ಬಾಯಿಯಲ್ಲಿದ್ದ ಆವುಲಪ್ಪನ ಗದ್ದೆಗೆ ಎಲ್ಲರಿಗಿಂತ ಕೊನೆಯ ಸರದಿ. ಅದೂ ತುಂಬಿದ ಮೇಲೆ ಮಿಕ್ಕ ನೀರನ್ನು ಹಳ್ಳಕ್ಕೆ ಬಿಡಬೇಕು, ಮುಂದಿನ ಊರಿನ ಕೆರೆಗೆ. ಈ ಕಟ್ಟಳೆಯ ವಿಷಯದಲ್ಲಿ ಆವುಲಪ್ಪ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಊರ ಗೌಡ ರಾಮಾಂಜಿನಪ್ಪನವರೇ ಒಮ್ಮೆ ಸರದಿಗೆ ಮುಂಚೆ ತಮ್ಮ ಗದ್ದೆಯ ಮಡಿ ತುಂಬಿಸಿಕೊಳ್ಳಲು ನೋಡಿದಾಗ, “ಗೌಡ್ರೇ, ನೀರ್ಗೆ ನಿಮ್ ಹೆಸ್ರು ಗೊತ್ತಿಲ್ಲ” ಎಂದು ಎದುರಿಗೇ ಮಣ್ಣು ಹಾಕಿ ತಡೆದಿದ್ದ. ಗೌಡರು ಒಳ್ಳೆಯವರು, ನಕ್ಕು ಸುಮ್ಮನಾದರು.

ಇನ್ನು ತೂಬು. ಕೆರೆಯ ಏರಿಗೆ ಅಂಟಿಕೊಂಡಂತೆ ನೀರಿನೊಳಗೆ ಎರಡು ಕಲ್ಲುಕಂಬ. ಅವುಗಳ ಬುಡದ ಚಪ್ಪಡಿಯಲ್ಲಿ ಒಂದು ತೂತು. ತೂತಿಗೆ ಜಡಿದ ಮರದ ಗೂಟ. ಬೇರೆ ಕೆರೆಗಳಲ್ಲಿ ಗೂಟಕ್ಕೆ ಉದ್ದನೆಯ ಕೋಲು ಸೇರಿಸಿ ಮೇಲಿನಿಂದಲೇ ಎತ್ತುತ್ತಾರೆ. ನಮ್ಮ ಕೆರೆಯ ಕೋಲು ಯಾವ ಕಾಲದಲ್ಲೋ ಮುರಿದಿತ್ತು. ಹೊಸದು ಮಾಡಿಸೋಣ ಎಂದು ಪ್ರತಿ ವರ್ಷ ತೀರ್ಮಾನವಾಗುತ್ತಿತ್ತು. ಹಾಗಾಗಿ ನೀರಗಂಟಿ ಮುಳುಗಿ, ಕೈಯಿಂದಲೇ ಗೂಟ ತಿರುಗಿಸಿ ಕೀಳಬೇಕು. ಕಿತ್ತ ಕೂಡಲೇ ಕಂಬವನ್ನು ಒದ್ದು ಪಕ್ಕಕ್ಕೆ ಹೋಗಬೇಕು. ಒಂದು ಗಳಿಗೆ ತಡವಾದರೂ ತೂತು ಎಳೆದುಕೊಳ್ಳುತ್ತದೆ, ಕೈಯೋ ಕಾಲೋ ಸಿಕ್ಕಿದ್ದನ್ನು.

ಈ ಕೆಲಸ ಬರುತ್ತಿದ್ದದ್ದು ಸಂಕ್ರಾಂತಿಯ ಆಸುಪಾಸಿನಲ್ಲಿ. ನಮ್ಮ ಕಡೆಯ ಆ ಕಾಲದ ಚಳಿ ಕಂಡವರಿಗೆ ಗೊತ್ತು. ಆದ್ದರಿಂದ ಮುಳುಗಿ ಎದ್ದವನಿಗೆ ಊರಿನವರು ಒಂದು ಮಡಕೆ ಈಚಲ ಹೆಂಡ ಕೊಡುವುದು ಪದ್ಧತಿ. ಮೊದಲು ಏರಿಯ ಮೇಲಿನ ತೂಬಿನ ಗಂಗಮ್ಮನಿಗೆ ಒಂದಿಷ್ಟು ಸುರಿದು, ಉಳಿದದ್ದನ್ನು ಗೌಡರು ತಮ್ಮ ಕೈಯಾರೆ ನೀರಗಂಟಿಗೆ ಕೊಡಬೇಕು. ಅದು ದೇವಿಯ ಪ್ರಸಾದ, ಬೇಡ ಎನ್ನುವಂತಿಲ್ಲ. ಮೈ ಬೆಚ್ಚಗಾಗುತ್ತದೆ ಎಂದು ಎಲ್ಲರ ನಂಬಿಕೆ. ಬೆಚ್ಚಗಾಗುವುದು ತಲೆ ಮಾತ್ರ, ಮೈಯಲ್ಲ. ಅದನ್ನು ಯಾರಿಗೆ ಹೇಳುವುದು.

ಆವುಲಪ್ಪ ಆ ಒಂದು ಮಡಕೆಯಿಂದ ಶುರು ಮಾಡಿದವನು. ಗೂಟ ಕೀಳುವ ದಿನಕ್ಕೊಂದು, ಜಡಿಯುವ ದಿನಕ್ಕೊಂದು. ಆಮೇಲೆ ಕಾಲುವೆ ಮಣ್ಣೆತ್ತಿದ ದಿನಕ್ಕೊಂದು. ಆಮೇಲೆ ದಿನಕ್ಕೊಂದು. ಕೊನೆಕೊನೆಗೆ ಮುಳುಗುವುದಕ್ಕೆ ಮುಂಚೆಯೇ ಕುಡಿಯತೊಡಗಿದ. ಹೆಂಡತಿ ಪಿಳ್ಳಮ್ಮ ಬೈದಳು, ಅತ್ತಳು, ಮಡಕೆ ಒಡೆದಳು. ಮಡಕೆ ನಮ್ಮೂರಿನಲ್ಲಿ ಬೇಕಾದಷ್ಟು ಸಿಕ್ಕುತ್ತಿತ್ತು.

ಮೂವತ್ತೇಳನೇ ಇಸವಿ, ಸಂಕ್ರಾಂತಿ ಕಳೆದ ಹೊಸತು. ತೂಬು ಬಿಡುವ ದಿನ ಬೆಳಗಾಗುವಾಗಲೇ ಆವುಲಪ್ಪ ಈಚಲ ವನಕ್ಕೆ ಹೋಗಿಬಿಟ್ಟಿದ್ದ. ಆಗ ಇಳಿಸಿದ ಹೆಂಡ ಸಿಹಿ. ಊರೆಲ್ಲ ಏರಿಯ ಮೇಲೆ ಕಾಯುತ್ತಿದೆ, ಒಟ್ಲಿನ ಭತ್ತದ ಸಸಿ ಬಾಡುತ್ತಿದೆ, ಇವನ ಸುಳಿವಿಲ್ಲ. ಅವನ ತಮ್ಮ ಪಾಪಣ್ಣ, ಆಗಷ್ಟೇ ಮದುವೆಯಾಗಿದ್ದವನು, ಅಣ್ಣನ ಮಾನ ಹೋಗಬಾರದೆಂದು ಪಂಚೆ ಬಿಚ್ಚಿಟ್ಟ. ಕಾಲುವೆಯ ಕೆಲಸ ಬಲ್ಲವನೇ ಹೊರತು ಅವನು ತಳ ಮುಟ್ಟಿದವನಲ್ಲ. “ನಾನೇ ಕಿತ್ಬುಟ್ಟು ಬತ್ತೀನಿ, ಬುಡ್ರಿ” ಎಂದು ಇಳಿದ. ಸ್ವಲ್ಪ ಹೊತ್ತಿಗೆ ಕಾಲುವೆಯಲ್ಲಿ ನೀರು ಬಂತು. ಪಾಪಣ್ಣ ಬರಲಿಲ್ಲ.

ಆವುಲಪ್ಪನನ್ನು ವನದಿಂದ ಎಬ್ಬಿಸಿಕೊಂಡು ಬಂದದ್ದು ತಮ್ಮನನ್ನು ಏರಿಯ ಮೇಲೆ ಮಲಗಿಸಿದ ಮೇಲೆ. ನಡೆಯಲಾಗದೆ ಇಬ್ಬರ ಹೆಗಲ ಮೇಲೆ ಬಂದ. ನನಗೆ ಕೆರೆಯ ಕೆಳಗೆ ಗದ್ದೆಯಿರಲಿಲ್ಲ, ಸುಮ್ಮನೆ ನೋಡಲು ಹೋಗಿದ್ದವನು. ನೋಡಬಾರದಿತ್ತು ಎಂದು ಈಗಲೂ ಅನ್ನಿಸುತ್ತದೆ. ಪಾಪಣ್ಣನ ಹೆಂಡತಿ ಮುನಿಗಂಗಮ್ಮ ಗಂಡನ ಕಾಲ ಹತ್ತಿರ ಕೂತಿದ್ದಳು. ಭಾವನನ್ನು ಒಮ್ಮೆ ತಲೆಯೆತ್ತಿ ನೋಡಿದಳು. ಏನೂ ಅನ್ನಲಿಲ್ಲ.

ಅನ್ನುವ ಹಾಗೂ ಇರಲಿಲ್ಲ. ಗಂಡನ ಅಣ್ಣನ ಜತೆ ಮಾತಾಡುವುದು, ಎದುರು ನಿಲ್ಲುವುದು ಅವರ ಮನೆತನದಲ್ಲಿಲ್ಲ. ಹೇಳುವುದೇನಿದ್ದರೂ ಬಾಗಿಲ ಮರೆಯಲ್ಲಿ ನಿಂತು ಪಿಳ್ಳಮ್ಮನಿಗೆ ಹೇಳಬೇಕು. ಮುನಿಗಂಗಮ್ಮ ತವರಿಗೆ ಹೋಗಲಿಲ್ಲ. ಅಲ್ಲಿ ಅಪ್ಪ ಅಮ್ಮ ಇರಲಿಲ್ಲ, ಅತ್ತಿಗೆಯರು ಇದ್ದರು. ಮತ್ತೆ ಪಿಳ್ಳಮ್ಮ ಅವಳ ಕೈ ಹಿಡಿದುಕೊಂಡು ಬಿಡಲಿಲ್ಲ. ಆವುಲಪ್ಪನ ಮನೆಯಲ್ಲೇ ಉಳಿದಳು, ಅದೇ ಪದ್ಧತಿಯಲ್ಲಿ, ಬಾಗಿಲ ಮರೆಯಲ್ಲಿ.

ತಮ್ಮ ಸತ್ತ ಮೇಲೆ ಆವುಲಪ್ಪ ಕುಡಿತ ಬಿಟ್ಟ ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ. ಬಿಡಲಿಲ್ಲ. ಮೊದಲಿಗಿಂತ ಹೆಚ್ಚು ಕುಡಿದ. ಮಳೆಗಾಲ ಪೂರ್ತಿ ಹಾಗೇ ಹೋಯಿತು. ಅಷ್ಟರಲ್ಲಿ ಆ ವರ್ಷವೇ ನಮ್ಮ ಸೇಲಂ ಜಿಲ್ಲೆಗೆ ಪಾನನಿಷೇಧದ ಕಾನೂನು ಬಂತು. ಹೆಂಡದಂಗಡಿ ಮುಚ್ಚಿತು. ಅಂಗಡಿಯ ಚಿನ್ನಪ್ಪ ಕುರಿ ಸಾಕಲು ಹೋದ. ಈಚಲ ಮರಗಳಿಗೆ ಕತ್ತಿ ತಾಗಿಸುವವರಿಲ್ಲದೆ ಹಕ್ಕಿಗಳು ಹಣ್ಣು ತಿಂದವು. ಆವುಲಪ್ಪ ಕೆಲವು ದಿನ ಕೈ ನಡುಗಿಸಿಕೊಂಡು, ಊಟ ಸೇರದೆ ಮೂಲೆಯಲ್ಲಿ ಮಲಗಿದ್ದ. ಆಮೇಲೆ ಎದ್ದು ಸನಿಕೆ ಹಿಡಿದ.

‘ಸರ್ಕಾರ ಬಿಡಿಸಿತು’ ಎನ್ನುವವರ ವಾದಕ್ಕೆ ಇದೇ ಆಧಾರ. ಆದರೆ ಇನ್ನೊಂದು ಮಾತಿದೆ. ಕಾನೂನು ಇದ್ದದ್ದು ನಮ್ಮ ಜಿಲ್ಲೆಗೆ. ಮೈಸೂರು ಸೀಮೆ ನಡೆದರೆ ಸಿಕ್ಕುವಷ್ಟು ಹತ್ತಿರ. ಗಡಿಯ ಆಚೆ ಹೆಂಡ ಹಾಗೇ ಹರಿಯುತ್ತಿತ್ತು. ನಮ್ಮೂರಿನ ಗಂಡಸರಿಗೆಲ್ಲ ಇದ್ದಕ್ಕಿದ್ದಂತೆ ಆನೇಕಲ್ಲಿನ ಕಡೆ ನೆಂಟರು ಹುಟ್ಟಿಕೊಂಡರು. ಬೆಳಿಗ್ಗೆ ನೆಂಟರನ್ನು ನೋಡಲು ಹೋದವರು ಸಂಜೆ ಹಾಡು ಹೇಳಿಕೊಂಡು ಬರುತ್ತಿದ್ದರು. ಆವುಲಪ್ಪ ಆ ದಿಕ್ಕಿಗೆ ಕಾಲಿಡಲಿಲ್ಲ. ಎತ್ತು ಬೇಕಾದಾಗಲೂ ಹತ್ತಿರದ ಆನೇಕಲ್ಲು ಬಿಟ್ಟು, ಸಾನಮಾವಿನ ಕಾಡು ದಾಟಿ ಆ ಕಡೆಯ ಸಂತೆಗೆ ಹೋದ. ಆನೆಗಳಿರುವ ಕಾಡು. “ಆನೆ ಕಂಡ್ರೆ ಓಡ್ಬೋದು” ಎಂದಷ್ಟೇ ನನಗೆ ಹೇಳಿದ.

ಆ ವರ್ಷಗಳಲ್ಲಿ ತೂಬಿನ ಗಂಗಮ್ಮನಿಗೆ ಬೆಲ್ಲದ ಪಾನಕವೇ ಗತಿಯಾಯಿತು. ಮುಳುಗಿ ಎದ್ದ ಆವುಲಪ್ಪನಿಗೆ ಮನೆಯಿಂದ ಬಿಸಿ ರಾಗಿ ಅಂಬಲಿ ಬರುತ್ತಿತ್ತು, ಮೆಣಸು ಕುಟ್ಟಿ ಹಾಕಿದ್ದು. ಕಾಯಿಸುತ್ತಿದ್ದವಳು ಮುನಿಗಂಗಮ್ಮ, ತಂದುಕೊಡುತ್ತಿದ್ದವಳು ಪಿಳ್ಳಮ್ಮ. ಗಂಡನನ್ನು ನುಂಗಿದ ತೂಬಿಗೆ ಇಳಿಯುವ ಭಾವನಿಗೆ ಅಂಬಲಿ ಕಾಯಿಸುವಾಗ ಅವಳ ಮನಸ್ಸಿನಲ್ಲಿ ಏನಿರುತ್ತಿತ್ತೋ ನನಗೆ ತಿಳಿಯದು.

ನಲವತ್ತನಾಲ್ಕರಲ್ಲಿ, ಯುದ್ಧ ಇನ್ನೂ ನಡೆಯುತ್ತಿದ್ದಾಗ, ಕಾನೂನನ್ನು ತೆಗೆದಿಟ್ಟರು. ಆ ಸಲದ ತೂಬು ಬಿಟ್ಟಾಗಿತ್ತು. ಬೇಸಿಗೆಯ ಹೊತ್ತಿಗೆ ಚಿನ್ನಪ್ಪ ಕುರಿ ಮಾರಿ, ಕಾಲುವೆಯ ದಾರಿಯ ಹುಣಿಸೆ ಮರದ ಕೆಳಗೆ ಮತ್ತೆ ಅಂಗಡಿ ಹಾಕಿದ. ಆನೇಕಲ್ಲಿನ ನೆಂಟರನ್ನು ಊರು ಒಂದೇ ದಿನಕ್ಕೆ ಮರೆತುಬಿಟ್ಟಿತು.

ಈಗ ಗೊತ್ತಾಗುತ್ತದೆ ಎಂದು ಕಟ್ಟೆಯವರು ಕೈ ಉಜ್ಜಿಕೊಂಡರು. ಮುನಿಗಂಗಮ್ಮ ಮಾತ್ರ ಪಿಳ್ಳಮ್ಮನಿಗೆ, ಒಳಗೆ ಉಣ್ಣುತ್ತಿದ್ದ ಭಾವನಿಗೆ ಕೇಳುವ ಹಾಗೆ, ಒಂದು ಮಾತು ಹೇಳಿದಳಂತೆ: “ಅಕ್ಕಾ, ಅವ್ರು ಕುಡುದ್ ಬಿದ್ದಿದ್ ದಿನ ನಾನು ಈ ಮನೇಲಿ ಇರಾಕಿಲ್ಲ. ಕೂಲಿ ಮಾಡ್ಕೊಂಡು ಎಲ್ಲಾದ್ರೂ ಬದುಕ್ಕೊತೀನಿ. ಇನ್ನೊಂದ್ ಕಿತ ಏರಿ ಮ್ಯಾಲೆ ಕುಂತ್ಕೊಳ್ಳಾಕೆ ನನ್ ಕೈಲಾಗಾಕಿಲ್ಲ.”

ಆವುಲಪ್ಪ ಆ ವರ್ಷ ಕಳೆದದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹುಣಿಸೆ ಮರದ ದಾರಿ ಬಿಟ್ಟು ಗದ್ದೆ ಬದುವಿನ ಕೆಸರಿನಲ್ಲಿ ನಡೆದ. ಬರಿ ಹೊಟ್ಟೆಯಲ್ಲಿ ಹೊರಟರೆ ಆಸೆ ಜಾಸ್ತಿ ಎಂದು ಮುದ್ದೆ ಉಂಡೇ ಮನೆ ಬಿಡುತ್ತಿದ್ದ. ಸಂಜೆ, ಹೆಂಡದ ವಾಸನೆ ಗಾಳಿಯಲ್ಲಿ ಬರುವ ಹೊತ್ತಿಗೆ, ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದ. ಒಡೆಯದ ಏರಿಗೆ ಎಷ್ಟು ಸಲ ಮಣ್ಣು ಹೊತ್ತನೋ. ಚಿನ್ನಪ್ಪ ದೂರದಿಂದಲೇ ತೆಲುಗಿನಲ್ಲಿ “ರಾ ಆವುಲಪ್ಪಾ, ರಾ” ಎಂದು ಕರೆಯುತ್ತಿದ್ದ, ಹಳೆಯ ಸ್ನೇಹ. ಇವನು ಕಿವುಡನ ಹಾಗೆ ಹೋಗುತ್ತಿದ್ದ. ಆದರೆ ನನ್ನ ಜತೆ ಸುಳ್ಳು ಹೇಳಲಿಲ್ಲ. “ಆಸೆ ಸತ್ತಿಲ್ಲ ಕಣಪ್ಪ. ಒಂದ್ ಗುಟ್ಕು ಕುಡುದ್ರೆ ನಿಲ್ಸಾಕಾಯ್ತದೋ ಇಲ್ವೋ, ನಂಗೇ ಗೊತ್ತಿಲ್ಲ” ಎಂದ.

ಮತ್ತೆ ಸಂಕ್ರಾಂತಿ ಬಂತು. ಹಿಂದಿನ ವರ್ಷ ಕೆರೆ ಅರ್ಧಕ್ಕೇ ನಿಂತದ್ದಕ್ಕೆ ದೇವಿಗೆ ಪಾನಕ ಕೊಟ್ಟದ್ದೇ ಕಾರಣ ಎಂದು ಊರು ತೀರ್ಮಾನಿಸಿತ್ತು. ಈ ಸಲ ಹಳೆಯ ಪದ್ಧತಿಯಂತೆ ಹೆಂಡದ ಮಡಕೆಯೇ ಆಗಬೇಕು. ಗೌಡರು ಆವುಲಪ್ಪನನ್ನು ಕರೆಸಿದರು. ನಾನೂ ಅಲ್ಲಿದ್ದೆ.

“ಇಷ್ಟ್ ವರ್ಸ ನಿಂಗೆ ಬರೀ ಅಂಬ್ಲಿ ಕುಡ್ಸಿದ್ವಿ. ನಮ್ಗೂ ಒಂಥರಾ ಆಗೋದು. ಈ ಸಲ ತುಂಬಿದ್ ಮಡ್ಕೆ ಕೊಡ್ತೀವಿ ಕಣಪ್ಪ” ಎಂದರು ಗೌಡರು. ಅವರ ಮುಖದಲ್ಲಿ ನಿಜವಾದ ಪ್ರೀತಿಯಿತ್ತು. ಕೆಟ್ಟವರ ಕೈಯಿಂದ ತಪ್ಪಿಸಿಕೊಳ್ಳಬಹುದು, ಇಂಥವರ ಕೈಯಿಂದ ಹೇಗೆ ತಪ್ಪಿಸಿಕೊಳ್ಳುವುದು?

ಆವುಲಪ್ಪ ಕೈಮುಗಿದ. ಆಮೇಲೆ, “ಆಗ್ಲಿ ಗೌಡ್ರೇ. ತಾಯೀದು, ಬ್ಯಾಡ ಅನ್ನಾಕಿಲ್ಲ. ಆದ್ರೆ ಕೆರೇದು ಏನೇ ಇದ್ರೂ ಹಂಚೋನು ನಾನು. ಇದ್ನೂ ನೀರ್ ಹಂಚ್ದಂಗೇ ಹಂಚ್ತೀನಿ. ಕಡೇ ಗದ್ದೆಯೋರ್ಗೆ ಮೊದ್ಲು, ನಂಗೆ ಕೊನೇಗೆ” ಎಂದ.

ಗೌಡರಿಗೆ ಬಹಳ ಸಂತೋಷವಾಯಿತು. ಕಟ್ಟೆಯವರಿಗೂ ಸಂತೋಷ, ಎಲ್ಲರಿಗೂ ಪ್ರಸಾದ ಸಿಕ್ಕುತ್ತದಲ್ಲ. ಹೊರಗೆ ಬಂದ ಮೇಲೆ ಆವುಲಪ್ಪ ನನಗೆ ಲೆಕ್ಕ ಬಿಡಿಸಿ ಹೇಳಿದ: ಕೆರೆಯ ಕೆಳಗಿನ ಒಕ್ಕಲೆಲ್ಲ ಕುಡಿದು ಮಡಕೆ ತನ್ನ ಹತ್ತಿರ ಬರುವಾಗ ತಳದಲ್ಲಿ ಗಸಿ ಬಿಟ್ಟು ಬೇರೇನೂ ಉಳಿದಿರುವುದಿಲ್ಲ. ನಾಲಗೆಗೆ ಮುಟ್ಟಿಸಿ ಕೊಟ್ಟರಾಯಿತು. ನಮ್ಮೂರವರ ಗಂಟಲು ಅವನಿಗೆ ಗೊತ್ತಿದ್ದದ್ದೇ. ನನಗೂ ಅದು ಸರಿಯಾದ ಲೆಕ್ಕ ಎನ್ನಿಸಿತು.

ತೂಬು ಬಿಡುವ ದಿನ ಬೆಳಿಗ್ಗೆ ಕೆರೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಗಂಗಮ್ಮನಿಗೆ ಅರಿಶಿನ ಕುಂಕುಮ ಇಟ್ಟು, ಮಡಕೆಯಿಂದ ಒಂದಿಷ್ಟು ಹೆಂಡ ಸುರಿದರು. ಆವುಲಪ್ಪ ಪಂಚೆ ಬಿಚ್ಚಿಟ್ಟು ನೀರಿಗೆ ಇಳಿದ. ಹೆಂಗಸರು ಏರಿಯ ಆ ತುದಿಯ ಹೊಂಗೆ ಮರದ ಕೆಳಗೆ ನಿಂತಿದ್ದರು. ಮುನಿಗಂಗಮ್ಮನೂ ಬಂದಿದ್ದಳು. ಪ್ರತಿ ವರ್ಷ ಮನೆಯಲ್ಲೇ ಉಳಿಯುತ್ತಿದ್ದವಳು ಈ ಸಲ ಬಂದದ್ದನ್ನು ಎಲ್ಲರೂ ಗಮನಿಸಿದರು.

ಕಂಬಗಳ ಪಕ್ಕ ಆವುಲಪ್ಪನ ತಲೆ ಒಳಗೆ ಹೋಯಿತು. ನೀರಿನ ಮೇಲೆ ಗುಳ್ಳೆ ಎದ್ದವು, ಆಮೇಲೆ ನಿಂತವು. ಎಷ್ಟು ವರ್ಷ ನೋಡಿದರೂ ಆ ಹೊತ್ತು ರೂಢಿಯಾಗುವುದಿಲ್ಲ. ಏರಿಯ ಆಚೆ ಯಾರೋ “ಬಂತು” ಎಂದು ಕೂಗಿದರು. ಕಾಲುವೆಯಲ್ಲಿ ನೀರು ಬಂತು. ಈ ಕಡೆ ಆವುಲಪ್ಪನೂ ಬಂದ, ಉಬ್ಬಸಪಡುತ್ತ, ಗೂಟವನ್ನು ಕಂಕುಳಲ್ಲಿ ಇರುಕಿಕೊಂಡು.

ಅವನಿಗೆ ಕಂಬಳಿ ಹೊದಿಸಿ ಕೂರಿಸಿದರು. ಹಲ್ಲು ಕಟಕಟ ಎನ್ನುತ್ತಿದ್ದರೂ, “ಕಡೇ ಗದ್ದೆ ಪಾಪಯ್ಯ, ಬಾರಪ್ಪ” ಎಂದು ಸರದಿ ಕೂಗಿದ. ಪಾಪಯ್ಯ ಮುದುಕ, ಚಿನ್ನಪ್ಪನ ಅಂಗಡಿಗೆ ಮೊದಲು ಹೋಗಿ ಕೊನೆಗೆ ಬರುವವನು. ಅವನು ಮಡಕೆ ಎತ್ತಿ, ಕಣ್ಣು ಮುಚ್ಚಿ, ತುಟಿಗೆ ಮುಟ್ಟಿಸಿ, ಮುಂದಿನವನಿಗೆ ಕೊಟ್ಟುಬಿಟ್ಟ. ಗಂಟಲು ಅಲುಗಲಿಲ್ಲ.

“ಯಾಕಲಾ, ಕುಡಿಯಾಕಿಲ್ವಾ?” ಎಂದರು ಯಾರೋ.

“ಚಳೀಲಿ ಮುಳ್ಗೆದ್ದೋನು ಅವ್ನು ಕಣ್ಲಾ. ಅವ್ನ್ಗೇ ಇರ್ಲಿ” ಎಂದ ಪಾಪಯ್ಯ.

ಅಷ್ಟೇ ಸಾಕಾಯಿತು. ಮುದುಕನೇ ಹಾಗೆ ಮಾಡಿದ ಮೇಲೆ ಉಳಿದವರು ಗಟಗಟ ಕುಡಿಯುವುದು ಹೇಗೆ? ಎರಡನೆಯವನು ತುಟಿ ಮುಟ್ಟಿಸಿದ, ಮೂರನೆಯವನು ಬೆರಳು ಅದ್ದಿ ಕಣ್ಣಿಗೊತ್ತಿಕೊಂಡ. ಒಬ್ಬರಿಗಿಂತ ಒಬ್ಬರು ಹೆಚ್ಚಿನ ಮರ್ಯಾದೆ ತೋರಿಸುತ್ತ ಹೋದರು. ಜೀವಮಾನದಲ್ಲಿ ಒಂದು ತೊಟ್ಟು ಬಿಡದ ನಮ್ಮೂರವರು ಅವತ್ತೇ ಸನ್ಯಾಸಿಗಳಾಗಬೇಕೇ! ಒಳ್ಳೆಯತನದ ಮೇಲೆ ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಕೂಗಬೇಕೆನ್ನಿಸಿತು. ಏನೆಂದು ಕೂಗುವುದು?

ಮಡಕೆ ಸಾಲು ಮುಗಿಸಿ ಗೌಡರ ಕೈಗೆ ಬಂತು. ಅವರೂ ಮುಟ್ಟಿಸಿಕೊಂಡರು. ಎರಡೂ ಕೈಯಲ್ಲಿ ಹಿಡಿದು ಆವುಲಪ್ಪನ ಮುಂದೆ ತಂದಾಗ ಅಂಚಿನಿಂದ ನೊರೆ ತುಳುಕಿತು. “ಕುಡಿಯಪ್ಪ. ಎಲ್ಲಾರೂ ನಿಂಗೇ ಅಂತ ಬುಟ್ಟವ್ರೆ” ಎಂದರು. ಅವರ ಕಣ್ಣು ಒದ್ದೆಯಾಗಿತ್ತು.

ಆವುಲಪ್ಪ ಮಡಕೆ ನೋಡಿದ. ಸಾಲನ್ನು ನೋಡಿದ. ಅವನ ಲೆಕ್ಕ ತಪ್ಪಿತ್ತು. ಜನ ತನ್ನನ್ನು ಇಷ್ಟು ಪ್ರೀತಿಸುತ್ತಾರೆಂದು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹೊಂಗೆ ಮರದ ಕೆಳಗೆ ಮುನಿಗಂಗಮ್ಮ ಊರಿನ ದಾರಿಯ ಕಡೆ ತಿರುಗಿದ್ದಳು. ಪಿಳ್ಳಮ್ಮ ಅವಳ ಸೆರಗು ಹಿಡಿದುಕೊಂಡಿದ್ದಳು.

ಅಲ್ಲಿ ಪೊಲೀಸರಿರಲಿಲ್ಲ, ಕಾನೂನಿರಲಿಲ್ಲ. ಗಡಿ ದಾಟುವ ಕಷ್ಟವೂ ಇರಲಿಲ್ಲ. ತುಂಬಿದ ಮಡಕೆ, ಒದ್ದೆ ಮೈ, ಕುಡಿ ಎನ್ನುವ ಊರು.

ಆವುಲಪ್ಪ ಕಂಬಳಿಯಿಂದ ಎರಡೂ ಕೈ ಹೊರಗೆ ತೆಗೆದು ಬೊಗಸೆ ಹಿಡಿದ. “ಬುಡಿ ಗೌಡ್ರೇ” ಎಂದ. ಗೌಡರು ಸುರಿದರು. ತುಂಬುತ್ತಲೇ, ಗದ್ದೆ ಬದುವಿನ ಮೇಲೆ ನಿಂತು ಹೇಳುವ ದನಿಯಲ್ಲಿ, “ಸಾಕು. ತುಂಬ್ತು” ಎಂದ. ಅಷ್ಟನ್ನೂ ಕುಡಿದ. ಅಂಗೈ ನೆಕ್ಕಲಿಲ್ಲ, ಕಂಬಳಿಗೆ ಒರೆಸಿಕೊಂಡ.

ಆಮೇಲೆ ಎದ್ದು ಗೌಡರ ಕೈಯಿಂದ ಮಡಕೆ ತೆಗೆದುಕೊಂಡ. ಈಗ ಎತ್ತಿಕೊಂಡೇ ಕುಡಿಯುತ್ತಾನೆ ಎಂದುಕೊಂಡೆವು. ಆ ಗಳಿಗೆಯಲ್ಲಿ ತನ್ನ ಗಂಟಲು ಪೂರ್ತಿ ಬಾಯಿ ತೆರೆದು ಕೇಳುತ್ತಿತ್ತು ಎಂದು ಅವನೇ ಆಮೇಲೆ ನನಗೆ ಹೇಳಿದ್ದಾನೆ. ಮಡಕೆಯನ್ನು ಎದೆಗೆ ಹಿಡಿದು ನಿಂತಿದ್ದ.

“ನನ್ ಗದ್ದೆ ತುಂಬ್ತು. ಮಿಕ್ಕಿದ್ದು ಹಳ್ಳಕ್ಕೆ” ಎಂದ. ಏರಿಯ ಆಚೆ ಬದಿಗೆ ಇಳಿದು, ಹಳ್ಳಕ್ಕೆ ಹೋಗುವ ಕಾಲುವೆಯಲ್ಲಿ ಮಡಕೆ ಬೋರಲು ಹಾಕಿದ. ಬಿಳಿ ನೊರೆ ಸ್ವಲ್ಪ ದೂರ ತೇಲಿಕೊಂಡು ಹೋಗಿ ಕೆಂಪು ನೀರಿನಲ್ಲಿ ಕಲೆತುಹೋಯಿತು. ಪಾಪಯ್ಯ “ಅಯ್ಯೋ, ಅಯ್ಯೋ” ಎಂದ. ಹೀಗಾಗುತ್ತದೆಂದು ಗೊತ್ತಿದ್ದರೆ ಮುದುಕ ಒಂದು ಗುಟುಕಾದರೂ ಕುಡಿದಿರುತ್ತಿದ್ದ.

ಗೌಡರಿಗೆ ನೋವಾಗಿತ್ತೋ ಏನೋ. ಆದರೆ ಕಟ್ಟಳೆಗೆ ಎದುರು ಹೇಳುವಂತಿರಲಿಲ್ಲ, ತಾವೇ ಒಪ್ಪಿದ್ದು. ಆವುಲಪ್ಪ ಖಾಲಿ ಮಡಕೆ ಹಿಡಿದು ಏರಿ ಹತ್ತಿ ಬಂದ. ಕಾಲು ನೆಟ್ಟಗಿತ್ತು.

ಮುನಿಗಂಗಮ್ಮ ಪಿಳ್ಳಮ್ಮನ ಕೈಯಿಂದ ಸೆರಗು ಬಿಡಿಸಿಕೊಂಡು ನಡೆದು ಬಂದಳು. ಊರ ದಾರಿಯ ಕಡೆಗಲ್ಲ, ಗಂಡಸರು ನಿಂತಿದ್ದ ಕಡೆಗೆ. ಭಾವನ ಎದುರಿಗೆ ನಿಂತಳು. ತಲೆಯ ಮೇಲೆ ಸೆರಗಿತ್ತು, ಆದರೆ ಮುಖ ಅವನ ಕಡೆಗಿತ್ತು. ಆ ಮನೆಗೆ ಕಾಲಿಟ್ಟ ದಿನದಿಂದ ಅವಳ ದನಿ ನೇರವಾಗಿ ಅವನ ಕಿವಿಗೆ ಬಿದ್ದದ್ದು ಅದೇ ಮೊದಲು.

“ಬಾವಾ, ಮನೇಗ್ ಬನ್ನಿ. ಅಂಬ್ಲಿ ಕಾಯ್ಸಿ ಮುಚ್ಚಿಟ್ಟಿವ್ನಿ” ಎಂದಳು.

ಪಿಳ್ಳಮ್ಮ ಅಳುತ್ತಿದ್ದಳು. ಮುನಿಗಂಗಮ್ಮ ತಿರುಗಿ ಮುಂದೆ ಹೊರಟಳು, ಆವುಲಪ್ಪ ಒದ್ದೆ ಕಂಬಳಿಯಲ್ಲಿ, ಖಾಲಿ ಮಡಕೆ ಹಿಡಿದುಕೊಂಡೇ ಅವಳ ಹಿಂದೆ ನಡೆದ.